ಹೆಗಲಿಗೆ ಹಗುರ, ಗಾಳಿಗೆ ಗಟ್ಟಿ

ಪಕ್ಕದ ತೋಟದ ಭಾವಯ್ಯ ಮೊನ್ನೆ ಸಾಗರ ಪೇಟೆಯಿಂದ ಹೊಸ ದೋಟಿ ತಂದರು. ಅಲ್ಯೂಮಿನಿಯಂನದು. ಒಂದರೊಳಗೊಂದು ಜಾರಿ ಕೂರುವ ಕೊಳವೆಗಳು. ಪೂರ್ತಿ ಎಳೆದರೆ ಅಡಿಕೆ ಕೊನೆ ಮುಟ್ಟುತ್ತದೆ. ನಾನು ಬೇಲಿಯ ದಾಸವಾಳ ಕೊಯ್ಯುತ್ತಿದ್ದೆ. ಅವರು ದೋಟಿಯನ್ನು ಅಂಗೈ ಮೇಲೆ ಮಲಗಿಸಿ ತೂಗಿ ನೋಡುತ್ತಿದ್ದರು.

"ನೋಡು ಮಾರಾಯ, ಬಿದಿರಿನ ದೋಟಿ ಎತ್ತಿ ಎತ್ತಿ ಅಪ್ಪಯ್ಯನ ಭುಜ ಒಂದು ಬದಿಗೆ ವಾಲಿತ್ತು. ಇದು ಭಾರವೇ ಇಲ್ಲ. ಆದ್ರೆ ಒಳಗೆ ಎಂತದೂ ಇಲ್ವಲ್ಲ. ಟೊಳ್ಳು. ಬಾಳಿಕೆ ಬರ್ತದಾ?"

ಮೂವತ್ತು ವರ್ಷ ಪೀಣ್ಯದಲ್ಲಿ ಉಕ್ಕಿನ ಕಂಬಗಳ ನಕ್ಷೆ ಬರೆದು ಊರಿಗೆ ಮರಳಿದವನಿಗೆ ಇಂಥ ಪ್ರಶ್ನೆ ಸಿಕ್ಕಿದರೆ ಹಬ್ಬ. ಹೂವಿನ ಬುಟ್ಟಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿದೆ.

"ಒಳಗೆ ಎಂತದೂ ಇಲ್ಲದ್ದೇ ಅದರ ಬಲ, ಭಾವಯ್ಯ" ಎಂದೆ.

ದಾಸವಾಳದ ಒಂದು ಹಸಿ ಕಡ್ಡಿ ಮುರಿದು ಅವರ ಕಣ್ಣೆದುರು ನಿಧಾನಕ್ಕೆ ಬಗ್ಗಿಸಿದೆ. ಹೊರಮಗ್ಗುಲ ಸಿಪ್ಪೆ ಜಗ್ಗಿ ಬಿರಿಯಿತು. ಒಳಮಗ್ಗುಲ ಸಿಪ್ಪೆ ಸುಕ್ಕುಗಟ್ಟಿತು. ನಡುವಿನ ತಿರುಳಿಗೆ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಬಗ್ಗುವ ಯಾವ ಕಂಬದಲ್ಲಾದರೂ ಇಷ್ಟೇ ನಡೆಯುವುದು. ಕೆಲಸವೆಲ್ಲ ಅಂಚಿನದು, ನಡುವಿನದು ಕೂತು ಉಣ್ಣುವ ಭಾರ. ಆ ಭಾರವನ್ನು ತೆಗೆದು ಅಂಚಿಗೆ ಸಾಗಿಸಿದರೆ ಕೊಳವೆಯಾಯಿತು.

ಅವರು ಲೆಕ್ಕದ ಮನುಷ್ಯ. ಸೊಸೈಟಿಯ ಮಂಡಿಯಲ್ಲಿ ಕ್ವಿಂಟಾಲು, ದರ, ಕಮಿಷನ್ನು ಎಲ್ಲ ನಾಲಗೆಯ ತುದಿಯಲ್ಲೇ ಇಟ್ಟುಕೊಂಡವರು. ಅದಕ್ಕೆ ಲೆಕ್ಕವನ್ನೇ ಹೇಳಿದೆ. 50 ಮಿಲಿಮೀಟರ್ ದಪ್ಪದ ಗಟ್ಟಿ ಉಕ್ಕಿನ ಸರಳು ಮೀಟರಿಗೆ ಸುಮಾರು 15 ಕಿಲೋ ತೂಗುತ್ತದೆ. ಅಷ್ಟೇ ಉಕ್ಕನ್ನು 150 ಮಿಲಿಮೀಟರ್ ಅಗಲದ ಕೊಳವೆ ಮಾಡಿದರೆ ಗೋಡೆಯ ದಪ್ಪ 4 ಮಿಲಿಮೀಟರ್‌ಗಿಂತ ತುಸು ಹೆಚ್ಚು ಬರುತ್ತದೆ. ತೂಕ ಒಂದೇ. ಆದರೆ ಕೊಳವೆ ಸರಳಿಗಿಂತ ಐದೂವರೆ ಪಟ್ಟು ಹೆಚ್ಚು ಭಾರ ತಾಳುತ್ತದೆ. ಅದೇ ಭಾರಕ್ಕೆ ಸರಳು ಬಾಗುವುದರ ಹದಿನೇಳನೇ ಒಂದು ಪಾಲು ಮಾತ್ರ ಬಾಗುತ್ತದೆ. ಒಂದು ಗುಂಜಿ ಉಕ್ಕು ಹೆಚ್ಚಿಗೆ ಹಾಕಲಿಲ್ಲ. ಜಾಗ ಬದಲಿಸಿದ್ದಷ್ಟೇ.

ಗೆಲಿಲಿಯೊ ಇದನ್ನು 1638ರಲ್ಲೇ ಬರೆದಿಟ್ಟ. ಕಣ್ಣು ಕಾಣದ ಮುಪ್ಪಿನಲ್ಲಿ ಅಚ್ಚಾದ ಪುಸ್ತಕ ಅದು. ಹಕ್ಕಿಯ ಮೂಳೆ, ಲಾಳದ ಕಡ್ಡಿ, ತನ್ನ ತೂಕಕ್ಕಿಂತ ಭಾರದ ತೆನೆ ಹೊತ್ತು ನಿಂತ ಪೈರಿನ ದಂಟು – ಇವೆಲ್ಲ ಏಕೆ ಟೊಳ್ಳು ಎಂದು ಕೇಳಿಕೊಂಡು ಉತ್ತರವನ್ನೂ ಕೊಟ್ಟ. ನಮ್ಮ ಮಾತಿನಲ್ಲಿ ಟೊಳ್ಳು ಎಂದರೆ ಬೈಗುಳ. ಗದ್ದೆಯ ಭತ್ತದ ದಂಟನ್ನು ದಿನವೂ ನೋಡುವ ಜನ ಆ ಶಬ್ದಕ್ಕೆ ಇಷ್ಟು ಕೆಟ್ಟ ಹೆಸರು ಯಾಕೆ ಕೊಟ್ಟರೋ ಎಂದು ನನಗೆ ಬಹಳ ಸಲ ಅನ್ನಿಸಿದ್ದಿದೆ.

"ಹಂಗಾದ್ರೆ ಇನ್ನೂ ಅಗಲ ಮಾಡಿ, ಇನ್ನೂ ತೆಳ್ಳಗೆ ಮಾಡಿ. ಉಕ್ಕು ಉಳೀತದಲ್ಲ?" ಎಂದರು ಭಾವಯ್ಯ.

ಕಂಬ ಮಾಡುವವರ ಕಷ್ಟವೆಲ್ಲ ಶುರುವಾಗುವುದು ಇಲ್ಲೇ. ಅವರ ಹಿತ್ತಲ ಪಪ್ಪಾಯಿ ಗಿಡದ ಎಲೆಯ ದಂಟನ್ನು ತೋರಿಸಿದೆ. ಮಕ್ಕಳಿದ್ದಾಗ ಅದನ್ನು ಪೀಪಿ ಮಾಡಿ ಊದಿದವರೇ ನಾವು. ಮೆಲ್ಲಗೆ ಬಗ್ಗಿಸಿದರೆ ಸ್ವಲ್ಪ ಹೊತ್ತು ತಾಳುತ್ತದೆ, ಆಮೇಲೆ ಒಂದೇ ಕಡೆ ಪಟಕ್ಕನೆ ಮಡಚಿಕೊಳ್ಳುತ್ತದೆ. ಹರಿಯುವುದಿಲ್ಲ, ಮುರಿಯುವುದಿಲ್ಲ, ದುಂಡಗಿನ ಮೈ ಚಪ್ಪಟೆಯಾಗಿ ಮಡಚುತ್ತದೆ. ತೆಳು ಗೋಡೆಯ ಉಕ್ಕಿನ ಕಂಬ ಸೋಲುವುದೂ ಹಾಗೆಯೇ. ಉಕ್ಕಿಗೆ ತಾಳುವ ಶಕ್ತಿ ಇನ್ನೂ ಇರುತ್ತದೆ, ಆದರೆ ಒತ್ತಡ ಬೀಳುವ ಮಗ್ಗುಲಲ್ಲಿ ಗೋಡೆ ಒಳಕ್ಕೆ ತಗ್ಗಿಬಿಡುತ್ತದೆ. ಒಮ್ಮೆ ತಗ್ಗಿತೋ, ಅಂಚಿಗೆ ಸಾಗಿಸಿದ ಬಲವೆಲ್ಲ ನಡುವಿಗೆ ವಾಪಸು ಬಂದು ಕೂತಂತೆ.

ಬಿದಿರು ಈ ಲೆಕ್ಕವನ್ನು ತಾನೇ ಬಿಡಿಸಿಕೊಂಡಿದೆ. ಗಿಣ್ಣು ಇರುವುದು ಅದಕ್ಕೇ. ಗೇಣಿಗೊಂದು, ಮೊಳಕ್ಕೊಂದು ಅಡ್ಡಗೋಡೆ. ಎಲ್ಲೂ ಚಪ್ಪಟೆಯಾಗಲು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಗಿಣ್ಣು ಕೂರಿಸುವುದು ದುಬಾರಿ, ಒಳಗೆ ವೈರು ಬೇರೆ ಹೋಗಬೇಕು. ಅದಕ್ಕೆ ನಾವು ಕಂಡುಕೊಂಡ ಉಪಾಯ ಮೂಲೆಗಳು. ಈಗ ಹೆದ್ದಾರಿಯ ಬೀದಿದೀಪಕ್ಕೆ ಎಂಟು ಮೂಲೆಯ ಕಂಬ ನಿಲ್ಲಿಸುತ್ತಾರಲ್ಲ, ಅದರ ಒಂದೊಂದು ಮಡಿಕೆಯೂ ಬುಡದಿಂದ ತುದಿಯವರೆಗೆ ಓಡುವ ಬೆನ್ನುಮೂಳೆ. ಸಪಾಟಾದ ತೆಳು ತಗಡು ಎಷ್ಟು ಬೇಗ ಬಳುಕುತ್ತದೆ, ಅದನ್ನೇ ಒಂದು ಸಲ ಮಡಿಸಿದರೆ ಎಷ್ಟು ಬಿಗಿಯಾಗುತ್ತದೆ ಎನ್ನುವುದು ಹಂಚಿನ ಮನೆಗೆ ತಗಡಿನ ಮಾಡು ಇಳಿಸಿದವರಿಗೆಲ್ಲ ಗೊತ್ತು.

ಆ ಕಂಬ ಹುಟ್ಟುವುದನ್ನು ನೋಡಬೇಕು ಭಾವಯ್ಯ, ಎಂದೆ. ತಗಡನ್ನು ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗುವಂತೆ ಓರೆಯಾಗಿ ಕತ್ತರಿಸುತ್ತಾರೆ. ಒಂದರ ಅಗಲದ ಪಕ್ಕಕ್ಕೆ ಮತ್ತೊಂದರ ಕಿರಿದು ಬರುವಂತೆ ಗೆರೆ ಹಾಕಿದರೆ ಚೂರೂ ಹಾಳಾಗದೆ ಎರಡು ಕಂಬದ ತಗಡು ಸಿಗುತ್ತದೆ. ರವಿಕೆ ಬಟ್ಟೆಯಲ್ಲಿ ತೋಳು ಹೊಂದಿಸುವ ಜಾಣತನವೇ ಅದು. ಆಮೇಲೆ ಉದ್ದನೆಯ ಪ್ರೆಸ್ಸಿನಲ್ಲಿ ಮಡಿಕೆ ಹಾಕಿ, ಉದ್ದಕ್ಕೆ ಒಂದೇ ಒಂದು ವೆಲ್ಡಿಂಗ್. 3 ಮಿಲಿಮೀಟರ್ ತಗಡಿನ 8 ಮೀಟರ್ ಕಂಬ ಎಪ್ಪತ್ತು ಎಂಬತ್ತು ಕಿಲೋ ಬರುತ್ತದೆ. ಬುಡ ದಪ್ಪ, ತುದಿ ಸಣ್ಣ. ತುದಿಯಲ್ಲಿ ಎಳೆದರೆ ಆ ಎಳೆತ ಕೆಳಕೆಳಗೆ ಬಂದಂತೆ ಹೆಚ್ಚುತ್ತ ಹೋಗಿ ನೆಲದ ಮಟ್ಟದಲ್ಲಿ ಗರಿಷ್ಠವಾಗುತ್ತದೆ. ಮೇಲೆ ಬೇಡದ ಕಡೆ ದಪ್ಪ ಇಟ್ಟರೆ ಅದು ಬರೀ ಭಾರವಲ್ಲ, ಗಾಳಿಗೆ ಒಡ್ಡಿದ ಮೈ ಕೂಡ.

ಗಾಳಿಯ ವಿಷಯದಲ್ಲಿ ನಮ್ಮ ದೇಶದ ಮಾನದಂಡ ಊರೂರಿಗೆ ವೇಗ ನಿಗದಿ ಮಾಡಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚಂಡಮಾರುತ ಬಡಿಯುವ ಭುವನೇಶ್ವರದಂಥ ಕಡೆ 50. ಕೇಳಲು ದೊಡ್ಡ ಅಂತರ ಅನ್ನಿಸುವುದಿಲ್ಲ. ಆದರೆ ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 33ಕ್ಕೆ ಒಂದು ಚದರ ಮೀಟರ್ ಮೈಮೇಲೆ ಬೀಳುವ ಒತ್ತಡ ಸುಮಾರು 67 ಕಿಲೋ, 39ಕ್ಕೆ 93, 50ಕ್ಕೆ 150 ದಾಟುತ್ತದೆ. ಬೆಂಗಳೂರಿಗೆ ಸರಿಯಾದ ಕಂಬವನ್ನು ಹಾಗೇ ಒಯ್ದು ಒಡಿಶಾ ಕರಾವಳಿಯಲ್ಲಿ ನೆಟ್ಟರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ದುಂಡನೆಯ ಮೈಯನ್ನು ಗಾಳಿ ಸವರಿಕೊಂಡು ಹೋಗುತ್ತದೆ, ಚಪ್ಪಟೆ ಮುಖವನ್ನು ಗುದ್ದುತ್ತದೆ. ಎಂಟು ಮೂಲೆಯದು ಇವೆರಡರ ನಡುವಿನ ರಾಜಿ.

"ಇಷ್ಟೆಲ್ಲ ಇದ್ದೂ ನಮ್ಮೂರಿಗೆ ಕಾಂಕ್ರೀಟ್ ಕಂಬವೇ ಯಾಕೆ?"

ಕಾಂಕ್ರೀಟು ಅಗ್ಗ, ತುಕ್ಕಿನ ಕಾಟ ಕಡಿಮೆ, ಕದ್ದು ಗುಜರಿಗೆ ಹಾಕುವವರಿಲ್ಲ. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹೋದ ವರ್ಷದ ಆರಿದ್ರಾ ಮಳೆ ನಮ್ಮಿಬ್ಬರಿಗೂ ನೆನಪಿದೆ. ಹಲಸಿನ ಕೊಂಬೆ ಲೈನಿನ ಮೇಲೆ ಬಿದ್ದು ತೋಟದ ನಡುವಿನ ಕಂಬ ತುಂಡಾಯಿತು. ನಾಲ್ಕು ದಿನ ಕತ್ತಲೆ. ಲಾರಿ ಬಂದಿದ್ದು ಮಣ್ಣು ರಸ್ತೆಯ ತನಕ. ಅಲ್ಲಿಂದ ಅರ್ಧ ಮೈಲಿ ಅಗಳ ದಾಟಿ, ಸಂಕದ ಮೇಲೆ, ಜಾರುವ ಕಾಲುದಾರಿಯಲ್ಲಿ ಕಂಬವನ್ನು ಹೊತ್ತವರು ಲೈನ್‌ಮನ್‌ಗಳು ಮತ್ತು ಊರಿನ ಹುಡುಗರು. 8 ಮೀಟರಿನ ಕಾಂಕ್ರೀಟ್ ಕಂಬ ಮುನ್ನೂರು ಕಿಲೋ ಮೀರುತ್ತದೆ. ಹಗ್ಗ ಬಿಗಿದು, ಅಡ್ಡಕ್ಕೆ ಗಳ ತೂರಿಸಿ, ಆ ಕಡೆ ಐವರು ಈ ಕಡೆ ಐವರು ಹೆಗಲು ಕೊಟ್ಟರು. ಒಬ್ಬ ಜಾರಿದರೆ ಉಳಿದ ಒಂಬತ್ತು ಮಂದಿಯ ಕಾಲು ಹೋಗುತ್ತಿತ್ತು. ಸಂಜೆ ದೀಪ ಬಂದ ಮೇಲೆ ಒಬ್ಬ ಹುಡುಗ ನಮ್ಮ ಜಗಲಿಯಲ್ಲಿ ಕೂತು ಅಂಗಿ ತೆಗೆದ; ಹೆಗಲ ಚರ್ಮ ಅಂಗೈ ಅಗಲ ಎದ್ದು ಹೋಗಿತ್ತು. ನನ್ನ ಹೆಂಡತಿ ತೆಂಗಿನೆಣ್ಣೆ ಹಚ್ಚಿದಳು.

ನಾನು ಅಷ್ಟು ವರ್ಷ ನಕ್ಷೆಯ ಮೂಲೆಯಲ್ಲಿ ತೂಕ ಅಂತ ಒಂದು ಅಂಕಿ ಬರೆಯುತ್ತಿದ್ದೆ. ಉಕ್ಕಿನ ದರ ಕಟ್ಟುವುದಕ್ಕೆ ಆ ಅಂಕಿ ಬೇಕಿತ್ತು. ಅದು ಇಂಥ ಒಂದು ಹೆಗಲ ಮೇಲೆ ಕೂರುತ್ತದೆ ಎಂದು ಎದುರಿಗೆ ಕಂಡದ್ದು ಆ ಸಂಜೆ. ತಂತಿ ಹೊರುವ ಉಕ್ಕಿನ ಕಂಬ ಬೀದಿದೀಪದ್ದಕ್ಕಿಂತ ದಪ್ಪ ಇರಬೇಕು, ತೂಕವೂ ಹೆಚ್ಚು. ಆದರೂ ಅಷ್ಟೇ ಬಲದ ಕಾಂಕ್ರೀಟ್ ಕಂಬದ ಅರ್ಧ ಭಾರವೂ ಆಗುವುದಿಲ್ಲ. ಎರಡು ಮೂರು ತುಂಡಾಗಿ ತಂದು, ಒಂದರ ಬುಡವನ್ನು ಇನ್ನೊಂದರ ತುದಿಗೆ ಟೋಪಿಯಂತೆ ಇಳಿಸಿ ಜಗ್ಗಿದರೆ ಬೋಲ್ಟೂ ಬೇಡ, ವೆಲ್ಡಿಂಗೂ ಬೇಡ. ಕಂಬದ ಅಗಲದ ಒಂದೂವರೆ ಪಟ್ಟು ಉದ್ದ ಒಂದರೊಳಗೊಂದು ಕೂತರೆ ಸಾಕು, ಬಿಗಿತವೇ ಹಿಡಿದಿಡುತ್ತದೆ. ತೋಟದ ನಡುವೆ, ಗುಡ್ಡದ ತಲೆಯಲ್ಲಿ, ಲಾರಿ ಹೋಗದಲ್ಲೆಲ್ಲ ಇಂಥದ್ದೇ ಬೇಕು. ಖರ್ಚು ಹೆಚ್ಚು ಎನ್ನುವವರು ಹೊರುವ ಹೆಗಲನ್ನೂ ಲೆಕ್ಕಕ್ಕೆ ಹಿಡಿಯಲಿ ಎಂಬುದು ನನ್ನ ಹಟ.

ಇದೇನು ಹೊಸ ಯೋಚನೆಯಲ್ಲ. 1872ರಲ್ಲಿ ಆಸ್ಟ್ರೇಲಿಯಾದ ತೆಂಕಣ ಪೋರ್ಟ್ ಆಗಸ್ಟಾದಿಂದ ಬಡಗಣ ಡಾರ್ವಿನ್ ತನಕ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದರು, ಟೆಲಿಗ್ರಾಫಿಗೆ. ನಡುವೆ ಬರೀ ಮರುಭೂಮಿ. ಮೊದಲು ಮರದ ಕಂಬ ನೆಟ್ಟರು. ಗೆದ್ದಲು ಬಿಡಲಿಲ್ಲ. ಆಮೇಲೆ ಮರದ ಜಾಗಕ್ಕೆ ಬಂದದ್ದು ಒಪ್ಪೆನ್‌ಹೈಮರ್ ಕಂಬ ಎಂದು ಹೆಸರಾದ ಕಬ್ಬಿಣದ ಟೊಳ್ಳು ಕಂಬ. ಸತುವಿನ ಲೇಪ, ಒಂದರೊಳಗೊಂದು ಸೇರುವ ತುಂಡುಗಳು – ನಿಮ್ಮ ದೋಟಿಯ ಅಣ್ಣನೇ ಅನ್ನಿ.

ಅದೇ ದೇಶದ ಅಡಿಲೇಡ್ ನಗರದಲ್ಲಿ ಇನ್ನೊಂದು ಕಥೆ. ಅಲ್ಲೂ ಒಳ್ಳೆಯ ಮರ ಸಿಗದು, ಗೆದ್ದಲು ಬೇರೆ. 1924ರಲ್ಲಿ ವಿದ್ಯುತ್ ಕಂಪನಿಯ ಎಂಜಿನಿಯರ್ ಜೇಮ್ಸ್ ಸಿರಿಲ್ ಸ್ಟೋಬಿ ಎರಡು ಉಕ್ಕಿನ ತೊಲೆಗಳನ್ನು ಎದುರುಬದುರು ನಿಲ್ಲಿಸಿ, ಬೋಲ್ಟಿನಿಂದ ಕಟ್ಟಿ, ನಡುವೆ ಕಾಂಕ್ರೀಟು ತುಂಬಿದ. ಉಕ್ಕು ಅಂಚಿನಲ್ಲಿ, ಅಗ್ಗದ್ದು ನಡುವೆ. ಹಗುರವೇನಲ್ಲ, ಆದರೆ ಯೋಚನೆ ಅದೇ, ಕೆಲಸ ಮಾಡುವುದು ಅಂಚು. ನೂರು ವರ್ಷದ ಮೇಲೂ ಆ ಊರಿನ ಬೀದಿಗಳಲ್ಲಿ ಸ್ಟೋಬಿ ಕಂಬಗಳೇ ತಂತಿ ಹೊತ್ತು ನಿಂತಿವೆ.

ಭಾವಯ್ಯ ದೋಟಿಯ ಕೊಳವೆಯೊಳಗೆ ಒಂದು ಕಣ್ಣಿಟ್ಟು ಆಕಾಶ ನೋಡಿದರು. "ಹಂಗಾದ್ರೆ ಉಕ್ಕಿನದು ಬೀಳೋದೇ ಇಲ್ವಾ?"

ಬೀಳುತ್ತದೆ. ನಾನು ಬರೆದದ್ದೇ ಬಿದ್ದಿದೆ. ಕೆಲಸಕ್ಕೆ ಸೇರಿದ ಹೊಸತು. ಬೀದಿದೀಪದ ಕಂಬದ ಬುಡದಲ್ಲಿ ಫ್ಯೂಸು, ಕೇಬಲ್ ಇಡಲು ಒಂದು ಸಣ್ಣ ಬಾಗಿಲು ಇರುತ್ತದಲ್ಲ, ಎಳೆತ ಗರಿಷ್ಠ ಇರುವ ಬುಡದ ಹತ್ತಿರವೇ ಆ ಬಾಗಿಲನ್ನು ಕೊರೆಯಬೇಕು, ವಿಧಿಯಿಲ್ಲ. ನಾನು ಅದಕ್ಕೆ ಸೊಗಸಾದ ಚೌಕ ಬರೆದಿದ್ದೆ, ನಾಲ್ಕು ಚೂಪು ಮೂಲೆ. ಪರೀಕ್ಷೆಗೆ ಕಂಬವನ್ನು ಅಡ್ಡ ಮಲಗಿಸಿ, ಬುಡವನ್ನು ಬಿಗಿದು, ತುದಿಯನ್ನು ಚೈನ್ ಪುಲ್ಲಿಯಿಂದ ಎಳೆದರು. ಲೆಕ್ಕದ ಭಾರಕ್ಕೆ ಇನ್ನೂ ದೂರ ಇದ್ದಾಗಲೇ ಬಾಗಿಲ ಮೂಲೆಯಿಂದ ಸೀಳು ಹೊರಟಿತು. ಅಂಗಳದಲ್ಲಿ ನಿಂತ ಎಲ್ಲರೂ ನನ್ನ ಮುಖ ನೋಡಿದರು. ಹಿರಿಯ ಫಿಟ್ಟರೊಬ್ಬರು ಹತ್ತಿರ ಬಂದು ತಮ್ಮ ಅಂಗಿಯ ಜೇಬು ತೋರಿಸಿದರು. "ಸಾರ್, ದರ್ಜಿ ಜೇಬಿನ ಮೂಲೆಗೆ ಎರಡೆರಡು ಸಲ ಯಾಕೆ ಹೊಲೀತಾನೆ?" ಅವತ್ತು ರಾತ್ರಿ ಕೂತು ಮೂಲೆಗಳನ್ನು ದುಂಡಗೆ ತಿದ್ದಿದೆ, ಬಾಗಿಲಿನ ಸುತ್ತ ಒಳಗೊಂದು ಚೌಕಟ್ಟು ಸೇರಿಸಿದೆ. ಕತ್ತರಿಸಿ ತೆಗೆದಷ್ಟು ಉಕ್ಕನ್ನು ಕತ್ತರಿಸಿದ ಅಂಚಿನ ಸುತ್ತಲೇ ಹಿಂದಿರುಗಿಸಬೇಕು. ಅವರು ಈಗಿಲ್ಲ. ಯಾವ ಬೀದಿದೀಪದ ಬುಡದಲ್ಲಿ ದುಂಡು ಮೂಲೆಯ ಬಾಗಿಲು ಕಂಡರೂ ಆ ಜೇಬೇ ಕಣ್ಣಿಗೆ ಬರುತ್ತದೆ.

ಬಿರುಗಾಳಿಗಿಂತ ತಂಗಾಳಿ ಕಂಬವನ್ನು ಕೊಲ್ಲುವುದೂ ಉಂಟು. ನಂಬಲು ಭಾವಯ್ಯನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದೇ ಸಮನೆ ಬೀಸುವ ಮೆಲುಗಾಳಿ ದುಂಡು ಕಂಬವನ್ನು ದಾಟುವಾಗ ಹಿಂದುಗಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತ ಹೋಗುತ್ತದೆ. ಹೊಳೆಯಲ್ಲಿ ನೆಟ್ಟ ಗೂಟದ ಹಿಂದೆ ಸುಳಿ ಏಳುವುದನ್ನು ನೋಡಿದ್ದೀರಲ್ಲ, ಅದೇ. 15 ಸೆಂಟಿಮೀಟರ್ ಕಂಬಕ್ಕೆ ಸೆಕೆಂಡಿಗೆ 5 ಮೀಟರಿನ ಗಾಳಿ ತಗುಲಿದರೆ ಸೆಕೆಂಡಿಗೆ ಆರೇಳು ಸಲ ಆ ತಳ್ಳಾಟ. ಕಂಬದ ಸಹಜ ತೂಗಾಟಕ್ಕೆ ಆ ತಾಳ ಕೂಡಿಬಂದರೆ ಗಂಟೆಗೆ ಇಪ್ಪತ್ನಾಲ್ಕು ಸಾವಿರ ಸಲ ಬುಡದ ವೆಲ್ಡಿಂಗು ಹಿಂದೆ ಮುಂದೆ ಬಾಗುತ್ತದೆ. ತಂತಿಯನ್ನು ಬೆರಳಲ್ಲಿ ಬಗ್ಗಿಸಿ ಬಗ್ಗಿಸಿ ತುಂಡರಿಸುವಂತೆ, ಒಂದು ದಿನ ಕಾರಣವೇ ಇಲ್ಲದೆ ಬಿರುಕು. ಹಗುರವಾದಷ್ಟೂ ಈ ಕಾಟ ಜಾಸ್ತಿ, ಅಲ್ಯೂಮಿನಿಯಂ ಕಂಬಗಳಿಗೆ ಇನ್ನೂ ಜಾಸ್ತಿ. ಕೆಲವು ಕಡೆ ಕಂಬದೊಳಗೆ ಒಂದು ಸರಪಳಿಯನ್ನು ಇಳಿಬಿಟ್ಟು ಆ ತೂಗಾಟವನ್ನು ತಣಿಸುತ್ತಾರೆ. ದೊಡ್ಡ ಲೈನಿನ ತಂತಿಗಳಲ್ಲಿ ಗೋಪುರದ ಹತ್ತಿರ ಡಂಬೆಲ್ ಥರದ್ದು ನೇತಾಡುವುದು ಕಂಡಿದ್ದರೆ, ಅದೂ ಇದೇ ರೋಗದ ಮದ್ದು. ಅಮೆರಿಕದ ಸ್ಟಾಕ್‌ಬ್ರಿಜ್ ಎಂಬವರು ಕಂಡುಹಿಡಿದದ್ದು.

ಇನ್ನು ತುಕ್ಕು. ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದು ಯಾವ ಬಣ್ಣವೂ ಇಲ್ಲದೆ ಅಷ್ಟು ಮಳೆಗಾಲಗಳನ್ನು ಉಂಡು ನಿಂತಿದೆ. ನಮ್ಮ ಈಗಿನ ಉಕ್ಕಿಗೆ ಆ ಭಾಗ್ಯವಿಲ್ಲ. 3 ಮಿಲಿಮೀಟರ್ ಗೋಡೆಯಲ್ಲಿ 1 ಮಿಲಿಮೀಟರ್ ತಿಂದರೆ ಮೂರರಲ್ಲಿ ಒಂದು ಪಾಲು ಬಲ ಹೋಯಿತು; ದಪ್ಪ ಸರಳಿಗೆ ಅಷ್ಟು ತಿಂದರೆ ಗೊತ್ತೂ ಆಗುವುದಿಲ್ಲ. ಹಗುರಾಗಿರುವುದಕ್ಕೆ ತೆರುವ ಬೆಲೆ ಇದು. ಅದಕ್ಕೇ ಸತುವಿನ ಸ್ನಾನ. ಆಸಿಡ್ಡಿನಲ್ಲಿ ತೊಳೆದ ಕಂಬವನ್ನು 450 ಡಿಗ್ರಿಯ ಕರಗಿದ ಸತುವಿನ ತೊಟ್ಟಿಗೆ ಇಳಿಸುತ್ತಾರೆ. ಕಂಬಕ್ಕೆ ಗಾಳಿಯಾಡುವ ತೂತುಗಳು ಇರಲೇಬೇಕು. ಮುಚ್ಚಿದ ಟೊಳ್ಳಿನಲ್ಲಿ ಒಂದಿಷ್ಟು ನೀರು ಉಳಿದರೂ ಆವಿಯಾಗಿ ಕಂಬವೇ ಸಿಡಿಯುತ್ತದೆ. ಒಳಗೂ ಹೊರಗೂ ಕೂದಲೆಳೆ ದಪ್ಪದ ಸತು ಹತ್ತಿಕೊಳ್ಳುತ್ತದೆ. ಎಲ್ಲಾದರೂ ಗೀರು ಬಿದ್ದರೆ ಪಕ್ಕದ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಅಣ್ಣನಿಗೆ ಬಂದ ಪೆಟ್ಟನ್ನು ತಮ್ಮ ತಿಂದಂತೆ.

ಆದರೂ ನೆಲದ ಮಟ್ಟದ ಆ ಒಂದು ಗೇಣು ಯಾವಾಗಲೂ ಅಪಾಯದ್ದೇ. ಮಣ್ಣಿನ ತೇವ, ಮೇಲಿನ ಗಾಳಿ ಎರಡೂ ಕೂಡುವ ಜಾಗ. ಎಳೆತ ಗರಿಷ್ಠ ಇರುವುದೂ ಅಲ್ಲೇ. 2021ರಲ್ಲಿ ಜಪಾನಿನ ಸುಝುಕಾ ಎಂಬ ಊರಿನಲ್ಲಿ ಸಿಗ್ನಲ್ ದೀಪದ ಉಕ್ಕಿನ ಕಂಬವೊಂದು ತನ್ನಷ್ಟಕ್ಕೆ ಬಿತ್ತು. ಪೊಲೀಸರು ಪರೀಕ್ಷಿಸಿದರೆ, ವರ್ಷಾನುಗಟ್ಟಲೆ ನಾಯಿಗಳು ಉಚ್ಚೆ ಹೊಯ್ದು ಬುಡ ತುಕ್ಕು ಹಿಡಿದದ್ದು ಕಂಡಿತು. ಅದಕ್ಕೇ ಬುಡಕ್ಕೆ ಕಾಂಕ್ರೀಟಿನ ಕಟ್ಟೆ ಕಟ್ಟಿ, ನೀರು ನಿಲ್ಲದಂತೆ ಅದರ ತಲೆಯನ್ನು ಇಳಿಜಾರು ಮಾಡುವುದು. ಹೂಳುವ ಆಳವೂ ಮುಖ್ಯ. ಉದ್ದದ ಆರನೇ ಒಂದು ಪಾಲು ನೆಲದೊಳಗೆ ಹೋಗಬೇಕು, 9 ಮೀಟರ್ ಕಂಬಕ್ಕೆ ಒಂದೂವರೆ ಮೀಟರ್ ಗುಂಡಿ. ಮಳೆ, ಅವಸರ, ಕೆಳಗೆ ಅರೆಗಲ್ಲು ಸಿಕ್ಕಿತು ಎಂದು ಅರ್ಧಕ್ಕೇ ನಿಲ್ಲಿಸಿದ ಗುಂಡಿ ಎಂಥ ನಕ್ಷೆಯನ್ನೂ ನೆಲಕ್ಕೆ ಹಾಕುತ್ತದೆ.

ಬಿಸಿಲು ಏರಿತು. ಬುಟ್ಟಿಯ ದಾಸವಾಳ ಬಾಡುತ್ತಿತ್ತು. ಭಾವಯ್ಯ "ಆಯ್ತು, ನಿನ್ನ ಮಾತಿನ ಮೇಲೆ ಇದನ್ನು ನಂಬ್ತೇನೆ" ಎಂದು ದೋಟಿಯನ್ನು ಒಂದೊಂದೇ ತುಂಡು ಎಳೆದು ನೆಟ್ಟಗೆ ನಿಲ್ಲಿಸಿಕೊಂಡು ತೋಟದ ಕೆಳಗಿನ ಸಾಲಿನತ್ತ ಹೊರಟರು.

ಕೆಳಗಿನ ಸಾಲಿನ ಮೇಲೆ ಹನ್ನೊಂದು ಸಾವಿರ ವೋಲ್ಟಿನ ಲೈನು ಹೋಗುತ್ತದೆ.

"ಭಾವಯ್ಯ, ನಿಲ್ಲಿ!" ನಾನು ಕೂಗಿದ ಧ್ವನಿಗೆ ಅವರ ಮನೆಯ ನಾಯಿ ಎದ್ದು ಬೊಗಳಿತು. ಬೇಲಿಯ ತಡಮೆ ದಾಟಿ ಓಡಿದೆ. ಬಿದಿರು ಹಿಡಿದ ಕೈಗೆ ಇದು ಹೊಳೆಯುವುದಿಲ್ಲ. ಒಣ ಬಿದಿರಿನಲ್ಲಿ ತಲೆಮಾರುಗಳಿಂದ ಹೇಗೋ ಬದುಕಿ ಬಂದಿದ್ದೇವೆ. ಅಲ್ಯೂಮಿನಿಯಂ ತಂತಿಯನ್ನು ತಾಗಿದರೆ ಎರಡನೇ ಅವಕಾಶವಿಲ್ಲ. ಲೈನಿನ ತಂತಿ ಮಾಡುವುದೇ ಅಲ್ಯೂಮಿನಿಯಂನಲ್ಲಿ. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಲೋಹವಲ್ಲ, ಆದ್ದರಿಂದ ಭಯವಿಲ್ಲ ಎಂದುಕೊಂಡವರಿದ್ದಾರೆ. ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ, ದೋಟಿ ತಂತಿಗೆ ತಾಗಿ ಸಾವು ಎಂದು. ಅದನ್ನು ಓದಿದ ದಿನ ನನಗೆ ಊಟ ಸೇರುವುದಿಲ್ಲ. ಹೆಗಲಿಗೆ ಹಗುರವಾಗಲಿ ಎಂದು ಮಾಡಿದ ವಸ್ತು ಅದು.

ಅವರು ನಿಂತಲ್ಲೇ ತಲೆಯೆತ್ತಿ ತಂತಿ ನೋಡಿದರು. ಏನೂ ಮಾತಾಡಲಿಲ್ಲ. ದೋಟಿಯನ್ನು ನಿಧಾನಕ್ಕೆ ನೆಲಕ್ಕೆ ಒರಗಿಸಿ, ಒಂದೊಂದೇ ಕೊಳವೆಯನ್ನು ಒಳಗೆ ತಳ್ಳಿದರು. ಪ್ರತಿ ಸಲವೂ ಕಟಕ್ ಎಂದು ಸದ್ದಾಯಿತು.

"ಈ ಸಾಲಿನದ್ದು ಲೈನ್ ಬಂದ್ ಮಾಡಿಸಿದ ದಿನವೇ ಕೊಯ್ಯುವಾ" ಎಂದರು ಕೊನೆಗೆ. ಆಮೇಲೆ ಮನೆಯ ಕಡೆ ತಿರುಗಿ, ಹಳೆಯ ಕೆಂಪು ಸೀರೆ ಯಾವುದಾದರೂ ಇದ್ದರೆ ತಾ ಎಂದು ಅಕ್ಕನನ್ನು ಕೂಗಿದರು. ಅಕ್ಕ ಅರ್ಧ ಸೀರೆ ತಂದು ಹರಿದು ಹರಿದು ಕೊಡುತ್ತ ಹೋದಳು. ತಂತಿಯ ಕೆಳಗಿನ ಹದಿನಾಲ್ಕು ಮರಗಳಿಗೆ ನಾವಿಬ್ಬರೂ ಎದೆಯೆತ್ತರದಲ್ಲಿ ಒಂದೊಂದು ಪಟ್ಟಿ ಕಟ್ಟಿದೆವು.